ಕಾಮ್ರೇಡ್ ಫಾಂಗ್ ಕೊಟ್ಟ ಏಳು ತಾತಂದಿರು

ಟೋಕ್ತಾರ್ ಒಬ್ಬ ಗೂಢಚಾರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನನ್ನು ನೋಡಿದ ಯಾರಿಗೂ ಆ ಅನುಮಾನ ಬರುತ್ತಿರಲಿಲ್ಲ. ಕೆತ್ಮೆನ್ ಬೆಟ್ಟದ ತಪ್ಪಲಿನ ನಮ್ಮ ಸಾಮೂಹಿಕ ಫಾರ್ಮಿನಲ್ಲಿ ಅವನು ಕುರಿ ಡಾಕ್ಟರು. ಹೆರಿಗೆ ಕಷ್ಟವಾದ ಕುರಿಯ ಪಕ್ಕ ಮಂಡಿಯೂರಿ ಕೂತು, "ಇನ್ನೊಂಚೂರು ತಾಯಿ, ಆಗೋಯ್ತು" ಎಂದು ಧೈರ್ಯ ಹೇಳುವವನು. ಇಂಥವನು ಪೀಕಿಂಗಿನ ಪರವಾಗಿ ಮಾಸ್ಕೋದ ಗುಟ್ಟು ಕದಿಯಲು ಬಂದಿದ್ದಾನೆಂದರೆ ಕುರಿಗಳೂ ನಂಬುತ್ತಿರಲಿಲ್ಲ.

ಆ ಎರಡು ದೇಶಗಳ ಜಗಳವನ್ನು ನಾವು ಗಡಿಬೇಲಿಯ ಬುಡದಲ್ಲೇ, ಮಾಸ್ಕೋ ಕಡೆ ಕೂತು ನೋಡಿದವರು. ಮೊನ್ನೆ ಮೊನ್ನೆಯವರೆಗೆ ಮಾಸ್ಕೋ ಅಣ್ಣ, ಪೀಕಿಂಗ್ ತಮ್ಮ. ಇಬ್ಬರು ನಾಯಕರ ಪಟಗಳೂ ಫಾರ್ಮಿನ ಕಚೇರಿಯ ಒಂದೇ ಗೋಡೆಯ ಮೇಲೆ ಇದ್ದವು. ಆಮೇಲೆ ಯಾರದು ಅಸಲಿ ಕಮ್ಯುನಿಸಂ ಎಂದು ಕಿತ್ತಾಟ ಶುರುವಾಗಿ ತಮ್ಮನ ಪಟ ಇಳಿದು ಉಗ್ರಾಣ ಸೇರಿತು. ದಾಯಾದಿಗಳ ಜಗಳ ಗೊತ್ತಲ್ಲ? ದೂರದ ಶತ್ರುವಿನ ಮನೆಯಲ್ಲಿ ಏನಾದರೂ ಬೇಯಲಿ, ಪಕ್ಕದ ದಾಯಾದಿಯ ಒಲೆಯ ಮೇಲೆ ಏನಿದೆ ಎಂದು ತಿಳಿಯದೆ ನಿದ್ದೆ ಹತ್ತುವುದಿಲ್ಲ.

ಅರವತ್ತೆರಡರ ವಸಂತದಲ್ಲಿ ಆಚೆ, ಪೀಕಿಂಗ್ ಕಡೆಯ ಕಜಾಕರು ಹೊಟ್ಟೆಗಿಲ್ಲದೆ ಸಾವಿರಗಟ್ಟಲೆ ಗಡಿ ದಾಟಿ ಈಚೆ ಬಂದರು. ಆ ಜಾತ್ರೆಯೊಳಗೆ ತನ್ನವನೊಬ್ಬನನ್ನು ತೂರಿಸಬೇಕೆಂದು ಆಚೆಯ ಗುಲ್ಜಾ ಊರಿನ ಕಚೇರಿಯೊಂದರಲ್ಲಿ ಕೂತಿದ್ದ ಕಾಮ್ರೇಡ್ ಫಾಂಗ್ ಲೆಕ್ಕ ಹಾಕಿದ. ಫಾಂಗ್ ಬುದ್ಧಿವಂತ, ಸಮುದ್ರದ ಕಡೆಯ ದೊಡ್ಡ ಪಟ್ಟಣದವನು. ಕಜಾಕರು ಗುರುತು ಪರಿಚಯವಿಲ್ಲದವನನ್ನು ಕಂಡರೆ ಹೆಸರಿಗಿಂತ ಮೊದಲು ಏಳು ತಲೆಮಾರಿನ ತಾತಂದಿರ ಹೆಸರು ಕೇಳುತ್ತಾರೆ ಎಂದು ಎಲ್ಲೋ ತಿಳಿದುಕೊಂಡಿದ್ದ. ಅದಕ್ಕೇ ಕೆತ್ಮೆನ್ನಿನಿಂದ ಎಂದೋ ವಲಸೆ ಬಂದಿದ್ದ ಅಲ್ಬಾನ್ ಕುಲದ ಮುದುಕನೊಬ್ಬನಿಗೆ ಚಹಾ ಕುಡಿಸಿ, ಹಿಂದೆ ತ್ಸಾರ್ ದೊರೆಯ ವಿರುದ್ಧ ದಂಗೆಯಾದ ವರ್ಷ ಆಚೆ ಓಡಿಹೋಗಿ ಸುಳಿವಿಲ್ಲದಂತಾದ ಒಂದು ಕವಲಿನ ಹೆಸರುಗಳನ್ನೆಲ್ಲ ಬಿಡಿಸಿಕೊಂಡ. ತೇಕೆಸ್ ಕಣಿವೆಯ ಕಿಜಾಯ್ ಕುಲದ ಒಬ್ಬ ಪಶುವೈದ್ಯ ಹುಡುಗನನ್ನು ಹಿಡಿದು ತಂದು, ಅವನ ಸ್ವಂತ ತಾತಂದಿರನ್ನು ಕಿತ್ತು, ಈ ಹೊಸ ತಾತಂದಿರನ್ನು ಬಾಯಿಪಾಠ ಮಾಡಿಸಿದ. ಟೋಕ್ತಾರ್ ಎಂಬ ಹೆಸರೂ ಅವನೇ ಇಟ್ಟದ್ದು. "ಅವರ ರಕ್ತವಾಗಿ ಹೋಗು. ಅಂಗೈ ಮೇಲೆ ಇಟ್ಟು ನೋಡ್ಕೊತಾರೆ" ಎಂದು ಬೆನ್ನು ತಟ್ಟಿ ಕಳಿಸಿದ.

ಅಂಗೈ ಮೇಲೇ ಇಟ್ಟರು, ಅದೇ ಆದ ಅನಾಹುತ. ಫಾಂಗನಿಗೆ ಅರ್ಧ ಮಾತ್ರ ಗೊತ್ತಿತ್ತು. ನಮ್ಮಲ್ಲಿ ಏಳು ತಾತಂದಿರ ಹೆಸರು ಬರಿಯ ಗುರುತಲ್ಲ, ಅದು ಬೇಲಿ. ಆ ಏಳರೊಳಗೆ ಎಲ್ಲಿ ಒಂದು ಹೆಸರು ಕೂಡಿದರೂ ಗಂಡು ಅಣ್ಣ, ಹೆಣ್ಣು ತಂಗಿ. ಅಲ್ಲಿ ಮದುವೆಯ ಮಾತೆತ್ತಿದವನನ್ನು ಹಿಂದಿನ ಕಾಲದಲ್ಲಿ ಕೊಂದೇ ಬಿಡುತ್ತಿದ್ದರಂತೆ.

ಫಾರ್ಮಿಗೆ ಬಂದ ದಿನ ಟೋಕ್ತಾರನನ್ನು ಪರೀಕ್ಷೆ ಮಾಡಿದ್ದು ಕಾಲಿಪಾ ಅಜ್ಜಿ. ಕಣಿವೆಯಲ್ಲಿ ಯಾವ ಮದುವೆಯೂ ಅಜ್ಜಿ ಕುಲ ನೋಡಿ ತಲೆಯಾಡಿಸದೆ ನಡೆಯುತ್ತಿರಲಿಲ್ಲ. ಅವಳು ಇಂಥವನು ಇಂಥವನ ಮಗ ಎಂದರೆ ಮುಗಿಯಿತು, ಅದಕ್ಕೆ ಅಪೀಲಿಲ್ಲ. ಒಂದೇ ತೊಡಕೆಂದರೆ, ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅವಳು ಬಂದದ್ದು ಹದಿನೆಂಟನೇ ವಯಸ್ಸಿಗೆ, ಈಗ ಎಪ್ಪತ್ತಾದರೂ ಆ ಕಟ್ಟು ಮುರಿದಿರಲಿಲ್ಲ. ಒಬ್ಬರು "ನರಿಟೋಪಿ ಮಾವ", ಇನ್ನೊಬ್ಬರು "ಬೂದುಕುದುರೆ ಮಾವ", ಮತ್ತೊಬ್ಬರು "ಆ ಸಿಡುಕ". ಟೋಕ್ತಾರ್ ತನ್ನ ಮುತ್ತಾತನ ಹೆಸರು ಕೋಜೆಕ್ ಎಂದೊಡನೆ ಅಜ್ಜಿಯ ಕಣ್ಣು ತುಂಬಿತು.

"ನಮ್ಮ ನರಿಟೋಪಿ ಮಾವನ ಮರಿಮಗ ಕಣ್ರೋ ಇವನು. ಆ ನರಿಟೋಪಿ ನನ್ನ ಮಾವನ ಸ್ವಂತ ತಮ್ಮ. ಬಾ ಮಗನೇ, ಯಾಕೋ ಇಷ್ಟು ತಡ ಮಾಡ್ದೆ?"

ಅಷ್ಟೇ. ಆವತ್ತಿನಿಂದ ಅವನಿಗೆ ಪ್ರತಿ ಮನೆಯಲ್ಲೂ ಚಿಕ್ಕಪ್ಪ, ಪ್ರತಿ ಡೇರೆಯಲ್ಲೂ ಅತ್ತಿಗೆ. ಕುದುರೆ ಹಾಲಿನ ಕುಮಿಸ್ ಕುಡಿಸದೆ ಯಾರೂ ಕಳಿಸುತ್ತಿರಲಿಲ್ಲ. ಕುದುರೆಯ ಜೀನಿನ ಮರದೊಳಗೆ ಅಡಗಿಸಿ ತಂದಿದ್ದ ಪುಟ್ಟ ರೇಡಿಯೋದಲ್ಲಿ ಮೊದಮೊದಲು ಅವನು ಗುಲ್ಜಾಕ್ಕೆ ಒಂದೆರಡು ಸುದ್ದಿ ಕಳಿಸಿದ್ದುಂಟು: ಈ ವರ್ಷ ಮರಿಗಳು ಚೆನ್ನಾಗಿವೆ, ರಸ್ತೆ ಕೆಟ್ಟಿದೆ, ಸೈನ್ಯ ಕಾಣಲಿಲ್ಲ. ಆಮೇಲೆ ರೇಡಿಯೋವನ್ನು ಕುರಿದೊಡ್ಡಿಯ ಮೂಲೆಯಲ್ಲಿ ಹೂತು, ಅಪರೂಪಕ್ಕೊಮ್ಮೆ ತೆಗೆದು ಮತ್ತದೇ ಮರಿಗಳ ಯೋಗಕ್ಷೇಮ ಹೇಳುತ್ತಿದ್ದ.

ಇಷ್ಟರಲ್ಲೇ ಸುಖವಾಗಿ ಇರಬಹುದಿತ್ತು. ಆದರೆ ಕಾಲಿಪಾ ಅಜ್ಜಿಗೆ ಮಗನ ಕಡೆಯ ಒಬ್ಬ ಮೊಮ್ಮಗಳಿದ್ದಳು, ನೂರಿಲಾ. ಅಪ್ಪ ಯುದ್ಧದಲ್ಲಿ ಸತ್ತಿದ್ದ, ತಾಯಿಯೂ ಇರಲಿಲ್ಲ, ಅಜ್ಜಿಯೇ ಸಾಕಿದ್ದಳು. ನೂರಿಲಾ ಸಿನಿಮಾ ಲಾರಿ ಓಡಿಸುತ್ತಿದ್ದಳು. ಬೇಸಿಗೆಯ ಹುಲ್ಲುಗಾವಲುಗಳಿಗೆ ಹೋಗಿ ಡೇರೆಯ ಮಗ್ಗುಲಿಗೆ ಬಿಳಿ ಬಟ್ಟೆ ಕಟ್ಟಿ ಕುರುಬರಿಗೆ ಸಿನಿಮಾ ತೋರಿಸುವ ಕೆಲಸ. ರೀಲು ಹರಿದರೆ ಹಲ್ಲಲ್ಲಿ ಕಚ್ಚಿ ಅಂಟಿಸುವಳು, ಲಾರಿ ಕೆಟ್ಟರೆ ಅದಕ್ಕೆ ಬಾಯಿಗೆ ಬಂದಂತೆ ಬೈದು ಸ್ಟಾರ್ಟ್ ಮಾಡುವಳು. ಅವಳ ಲಾರಿ ಹೋದಲ್ಲೆಲ್ಲ ಕುರಿಗಳಿಗೆ ಏನಾದರೊಂದು ಕಾಯಿಲೆ ಬರುತ್ತಿತ್ತು, ಟೋಕ್ತಾರ್ ಹೋಗಲೇಬೇಕಾಗುತ್ತಿತ್ತು. ಎರಡನೇ ಬೇಸಿಗೆಯ ಹೊತ್ತಿಗೆ ಇಬ್ಬರಿಗೂ ವಿಷಯ ಗೊತ್ತಾಗಿತ್ತು. ಇಬ್ಬರೂ ಬಾಯಿಬಿಡಲಿಲ್ಲ. ಅವಳು ಅವನನ್ನು "ಅಣ್ಣ" ಎನ್ನುತ್ತಿದ್ದಳು, ಪ್ರತಿಸಲವೂ ಅವನು ಕುರಿಗಳ ಕಡೆ ತಿರುಗಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವನು ತೊರೆಯ ಪಕ್ಕ ಕುರಿಗಳ ಗೊರಸು ಕೆರೆಯುತ್ತಿದ್ದಾಗ ಲಾರಿ ಬಂದು ನಿಂತಿತು. ನೂರಿಲಾ ಇಳಿದು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಭಾನುವಾರ ಜಾರ್ಕೆಂಟಿನಿಂದ ಹೆಣ್ಣು ಕೇಳೋಕೆ ಬರ್ತಾರಂತೆ. ಓರಾಕ್ಬಾಯ್ ಅಂತ, ಅವನ ಅಣ್ಣನ ಮಗನಿಗೆ. ಅಜ್ಜಿ ಒಪ್ಪಿದ್ದಾಳೆ."

ಟೋಕ್ತಾರ್ ಗೊರಸು ಬಿಡಲಿಲ್ಲ. "ಹುಡುಗ ಹೇಗಂತೆ?"

"ಒಳ್ಳೆಯವನಂತೆ. ಅದೇ ನನಗೆ ಕೋಪ, ಬೈಯೋಕೂ ಏನೂ ಇಲ್ಲ." ಅವಳು ಒಂದು ಹುಲ್ಲಿನ ಕಡ್ಡಿ ಮುರಿದಳು. "ಈಲಿ, ಬಾಲದ ಕೊಬ್ಬು ಇಟ್ಟ ತಟ್ಟೆ ನೀನೇ ತರಬೇಕಂತೆ. ಹೆಣ್ಣಿನ ಅಣ್ಣ ಅಲ್ವಾ."

ನಮ್ಮಲ್ಲಿ ಕುರಿಯ ಈಲಿ ಮತ್ತು ಬಾಲದ ಕೊಬ್ಬನ್ನು ಎರಡು ಕಡೆಯವರೂ ಒಂದೇ ತಟ್ಟೆಯಲ್ಲಿ ತಿಂದರೆ ಬೀಗರಾದಂತೆ. ಅದನ್ನು ನುಂಗಿದ ಮೇಲೆ ಖಾನನ ಸೈನ್ಯ ಬಂದರೂ ಮಾತು ಹಿಂದಕ್ಕಿಲ್ಲ. ಅವಳನ್ನು ಕಳೆದುಕೊಳ್ಳುವ ತಟ್ಟೆಯನ್ನು ತಾನೇ ಹೊರಬೇಕು ಎಂದಾಗ ಟೋಕ್ತಾರ್ ಗೊರಸು ಕೆರೆಯುವ ಚಾಕು ಕೆಳಗಿಟ್ಟ. ಅವನು ಕುರಿಯನ್ನು ಬಿಟ್ಟ. ಅದು ಮೂರು ಗೊರಸು ಚೊಕ್ಕಟ, ಒಂದು ಕೊಳಕು ಹಾಗೇ ಓಡಿತು.

"ನೂರಿಲಾ, ನಾನು ನಿನ್ನ ಅಣ್ಣ ಅಲ್ಲ. ನಾನು ಆಚೆಯವರ ಗೂಢಚಾರ. ಆ ತಾತಂದಿರೆಲ್ಲ ಗುಲ್ಜಾದ ಒಬ್ಬ ಆಫೀಸರ್ ಹೇಳಿಕೊಟ್ಟಿದ್ದು. ನಾನು ಅಲ್ಬಾನ್ ಕುಲದವನೇ ಅಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಹುಲ್ಲಿನ ಮೇಲೆ ಉರುಳಿ, ಎದ್ದು ಕೂತು, ಅವನ ಕೆನ್ನೆಗೆ ಒಂದು ಏಟು ಬಿಟ್ಟಳು. ತಮಾಷೆಯದಲ್ಲ, ಸರಿಯಾದ ಏಟು.

"ಎರಡು ವರ್ಷ. ಎರಡು ವರ್ಷ ನಾನು ಪಾಪಿ ಅಂದ್ಕೊಂಡು ಒಬ್ಬಳೇ ಲಾರೀಲಿ ಕೂತು ಅತ್ತಿದೀನಿ. ಬೇರೆ ತಾತಂದಿರು ಸಿಗಲಿಲ್ವೇನೋ ನಿನಗೆ? ಇಡೀ ದೇಶದಲ್ಲಿ ನನ್ನ ತಾತಂದಿರೇ ಬೇಕಿತ್ತಾ?"

"ನಾನು ಆರಿಸಿದ್ದಲ್ಲ, ಫಾಂಗ್..."

"ಫಾಂಗನಿಗೆ ಬೆಂಕಿ ಬೀಳ. ಆಣೆ ಮಾಡು, ನಿಜವಾಗ್ಲೂ ಗೂಢಚಾರ ತಾನೆ? ಸುಮ್ಮನೆ ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ರೊಟ್ಟಿಯಾಣೆ."

"ದೇವರು ದೊಡ್ಡವನು" ಎಂದಳು ನೂರಿಲಾ, ಕಮ್ಯುನಿಸ್ಟ್ ಯುವಕ ಸಂಘದ ಸದಸ್ಯೆ. ತಾನು ಪ್ರೀತಿಸಿದವನು ಶತ್ರುವಿನ ಗೂಢಚಾರ ಎಂದು ತಿಳಿದು ಇಷ್ಟು ಸಂತೋಷಪಟ್ಟ ಹೆಣ್ಣು ಹಿಂದೆ ಯಾರೂ ಹುಟ್ಟಿರಲಿಕ್ಕಿಲ್ಲ.

ಗುಟ್ಟಾಗಿ ಓಡಿಹೋಗಬಹುದಿತ್ತು. ಆದರೆ ಅಣ್ಣ ತಂಗಿ ಓಡಿಹೋದರು ಎಂದರೆ ಅಜ್ಜಿ ಆ ದಿನವೇ ಸಾಯುತ್ತಿದ್ದಳು. ತಾತಂದಿರನ್ನು ಕಳಚಬೇಕಾದರೆ ಸತ್ಯ ಹೇಳಲೇಬೇಕು, ಹೇಳಿದರೆ ಜೈಲು, ಕೆಟ್ಟ ಗಳಿಗೆಯಾದರೆ ಗೋಡೆಗೆ ನಿಲ್ಲಿಸಿ ಗುಂಡು. ಟೋಕ್ತಾರನಿಗೆ ಹೆದರಿಕೆಯಾಯಿತು, ಅದರಲ್ಲಿ ಮುಚ್ಚುಮರೆಯೇನಿಲ್ಲ. ಹೆದರಿಕೊಂಡೇ ಲಾರಿ ಹತ್ತಿದ. ಇಬ್ಬರೂ ಗಡಿ ಭದ್ರತೆಯ ಕ್ಯಾಪ್ಟನ್ ಮೆಂಡಿಬಾಯನ ಕಚೇರಿಗೆ ಹೋದರು.

ಮೆಂಡಿಬಾಯ್ ಕಜಾಕನೇ, ಬಡಗಣ ಕುಲದವನು, ದಪ್ಪ ಮೀಸೆಯ ನೆಮ್ಮದಿಯ ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡು ಚಹಾದ ಬಟ್ಟಲನ್ನು ಕೆಳಗಿಟ್ಟ. ಟೋಕ್ತಾರನನ್ನು ನೋಡಿದ, ಬಾಗಿಲಲ್ಲಿ ನಿಂತ ನೂರಿಲಾಳನ್ನು ನೋಡಿದ.

"ಥೂ, ನಾಚಿಕೆ ಆಗಲ್ವೇನೋ? ತಂಗಿ ಮೇಲೆ ಕಣ್ಣು ಹಾಕಿ, ಅದನ್ನ ಮುಚ್ಚಿಕೊಳ್ಳೋಕೆ ದೇಶದ್ರೋಹದ ಕಥೆ ಕಟ್ತೀಯಾ? ಇಂಥ ಕೆಲಸ ಗೂಢಚಾರರೂ ಮಾಡಲ್ಲ."

"ಕಾಮ್ರೇಡ್ ಕ್ಯಾಪ್ಟನ್, ನಾನೇ ಗೂಢಚಾರ."

"ಮುಚ್ಚೋ ಬಾಯಿ. ನಾನು ಗೂಢಚಾರರನ್ನ ಕಂಡಿಲ್ವಾ?"

ನಿಜ ಹೇಳಬೇಕೆಂದರೆ ಅವನು ಕಂಡಿರಲಿಲ್ಲ. ಗಡಿಗೆ ಬಂದು ಇಷ್ಟು ವರ್ಷವಾದರೂ ಅವನು ಹಿಡಿದದ್ದು ದಾರಿ ತಪ್ಪಿದ ಒಂಟೆಗಳನ್ನು, ಒಬ್ಬ ಕುಡುಕನನ್ನು. ಕೊನೆಗೆ ಮೂವರೂ ಕುರಿದೊಡ್ಡಿಗೆ ಹೋಗಿ ಅಗೆದರು. ಗೊಬ್ಬರದ ನಡುವಿನಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ರೇಡಿಯೋ ಹೊರಬಂದಾಗ ಮೆಂಡಿಬಾಯನ ಮೀಸೆ ಅರಳಿತು. ಟೋಕ್ತಾರನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟ.

"ನನ್ನಪ್ಪ, ಎಲ್ಲಿದ್ಯೋ ಇಷ್ಟು ದಿನ? ಜೈಲಿಲ್ಲ, ಗೀಲಿಲ್ಲ. ನೀನೇ ಬಂದು ಹೇಳಿದೀಯ. ಇನ್ನು ಮುಂದೆ ನೀನು ನಮ್ಮವನು. ನಾವು ಹೇಳಿದ್ದನ್ನ ನೀನು ಅವರಿಗೆ ಊದಬೇಕು. ಅವರು ನಂಬ್ತಾನೇ ಇರಬೇಕು."

"ಹಾಗಾದ್ರೆ ಮದುವೆ?" ಎಂದಳು ನೂರಿಲಾ.

"ಯಾವ ಮದುವೆ? ಇವನು ಟೋಕ್ತಾರನಾಗೇ ಇರಬೇಕು ಕಣಮ್ಮ. ಅದೇ ಹೆಸರು, ಅದೇ ತಾತಂದಿರು. ಅಣ್ಣ ತಂಗಿ ಮದುವೆಯಾದ್ರು ಅಂತ ಬೇಲಿ ಆಚೆಗೆ ಸುದ್ದಿ ಹೋದ್ರೆ ಇವನು ಸಿಕ್ಕಿಬಿದ್ದ ಅಂತ ಆ ಫಾಂಗನಿಗೆ ಆ ಕ್ಷಣವೇ ಗೊತ್ತಾಗುತ್ತೆ. ಇದು ದೇಶದ ಗುಟ್ಟು. ಉಸಿರೆತ್ತಿದ್ರೆ ಇಬ್ಬರನ್ನೂ ಒಳಗೆ ಹಾಕ್ತೀನಿ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತಾರಲ್ಲ, ಹಾಗಾಯಿತು ಟೋಕ್ತಾರನ ಗತಿ. ಮೊದಲು ಒಂದು ದೇಶ ಅವನನ್ನು ಅವಳ ಅಣ್ಣನನ್ನಾಗಿ ಮಾಡಿತ್ತು, ಈಗ ಇನ್ನೊಂದು ದೇಶವೂ ಮೊಹರು ಒತ್ತಿತು. ಒಂದು ವಿಷಯದಲ್ಲೂ ಒಮ್ಮತವಿಲ್ಲದ ಎರಡು ದೇಶಗಳು ತನ್ನ ವಿಷಯದಲ್ಲಿ ಮಾತ್ರ ಒಂದಾದವಲ್ಲ ಎಂದು ಅವನಿಗೆ ಅಳು ಬಂತು. ನೂರಿಲಾ ಅಳಲಿಲ್ಲ. ದಾರಿಯುದ್ದಕ್ಕೂ ಏನೋ ಯೋಚಿಸುತ್ತಾ ಲಾರಿ ಓಡಿಸಿದಳು.

ಮರುದಿನದಿಂದ ಕಾಲಿಪಾ ಅಜ್ಜಿ ಟೋಕ್ತಾರನ ಮುಖ ನೋಡುವುದನ್ನು ಬಿಟ್ಟಳು. ಕರೆದರೆ ಓಗೊಡಲಿಲ್ಲ, ಎದುರಿಗೆ ಬಂದರೆ ಬೇರೆ ದಾರಿ ಹಿಡಿದಳು. ಹೆಣ್ಣು ಕೇಳುವ ಶಾಸ್ತ್ರದ ಗಡಿಬಿಡಿ ಇರಬೇಕು ಎಂದುಕೊಂಡ ಅವನು.

ಭಾನುವಾರ ಬಂತು. ಡೇರೆಯ ಬಟ್ಟೆಗಳನ್ನು ಮೇಲಕ್ಕೆತ್ತಿ ಗಾಳಿ ಬಿಟ್ಟಿದ್ದರು. ಬಿಸಿಲು, ಹೊಸ ಹುಲ್ಲಿನ ವಾಸನೆ, ಹೊರಗೆ ಎಣ್ಣೆಯಲ್ಲಿ ಉಬ್ಬುತ್ತಿದ್ದ ಬೌರ್ಸಾಕ್ ಉಂಡೆಗಳು. ಓರಾಕ್ಬಾಯ್ ಜಾರ್ಕೆಂಟಿನಿಂದ ನಾಲ್ಕು ಜನರೊಂದಿಗೆ ಬಂದಿದ್ದ. ಕುದುರೆ ಮಾಂಸ ಕಂಡರೆ ಲೋಕ ಮರೆಯುವ ಒಳ್ಳೆಯ ಮನುಷ್ಯ, ಬಂದಾಗಿನಿಂದ ಬಾಯಾಡಿಸುತ್ತಲೇ ಇದ್ದ. ಅವನ ಪಕ್ಕದಲ್ಲಿ ಕ್ಯಾಪ್ಟನ್ ಮೆಂಡಿಬಾಯ್. ಅವನನ್ನು ಯಾಕೆ ಕರೆದಿದ್ದಾರೋ ಟೋಕ್ತಾರನಿಗೆ ತಿಳಿಯಲಿಲ್ಲ. ಅಜ್ಜಿಯೇ ಆಳು ಕಳಿಸಿ ಕರೆಸಿದ್ದಳಂತೆ.

ಕೊನೆಗೆ ಆ ತಟ್ಟೆ ಅವನ ಕೈಗೆ ಬಂತು. ಬಿಸಿ ಈಲಿಯ ಚೂರುಗಳು, ಬೆಣ್ಣೆಯಂತೆ ಬೆಳ್ಳಗಿನ ಕೊಬ್ಬು, ಮೇಲೆ ಹುಳಿ ಮಜ್ಜಿಗೆ. ಅವನು ಹೊಸ್ತಿಲು ದಾಟಿ ಒಳಗೆ ಬಂದು ನಿಂತ. ಓರಾಕ್ಬಾಯ್ ಅಂಗಿಯ ತೋಳು ಮಡಚಿದ.

"ನಿಲ್ಲು" ಎಂದಳು ಕಾಲಿಪಾ ಅಜ್ಜಿ. "ಅವನ ಕೈಯಿಂದ ಆ ತಟ್ಟೆ ಇಳಿಸ್ರಿ. ಅವನು ಈ ಹುಡುಗಿಗೆ ಅಣ್ಣ ಅಲ್ಲ."

ಮೆಂಡಿಬಾಯನ ಮುಖ ಸುಣ್ಣವಾಯಿತು. ಟೋಕ್ತಾರ್ ತಟ್ಟೆ ಹಿಡಿದೇ ನಿಂತಿದ್ದ.

ಅಜ್ಜಿ ಬಿಳಿ ತಲೆವಸ್ತ್ರ ಸರಿಮಾಡಿಕೊಂಡಳು. "ನಮ್ಮ ಅತ್ತೆ ಸಾಯೋವಾಗ ನನ್ನ ಕಿವೀಲಿ ಒಂದು ಮಾತು ಹೇಳಿ ಹೋದ್ಲು. ನಾನು ಅದನ್ನ ಮಣ್ಣಿಗೆ ತಗೊಂಡು ಹೋಗೋಣ ಅಂತಿದ್ದೆ. ನಮ್ಮ ನರಿಟೋಪಿ ಮಾವ ಈ ಮನೆ ಹೊಟ್ಟೇಲಿ ಹುಟ್ಟಿದವನಲ್ಲ. ಒಂದು ಚಳಿಗಾಲ ಕಣಿವೆ ದಾರೀಲಿ ಹೆಪ್ಪುಗಟ್ಟಿದ ತಾಯಿ ಮೊಲೆಗೆ ಬಾಯಿಟ್ಟು ಅಳ್ತಿದ್ದ ಕೂಸು ಅದು. ಯಾವ ಕುಲವೋ ದೇವರಿಗೇ ಗೊತ್ತು. ತಂದು ಸಾಕಿದ್ರು. ಹೆಸರು ನಮ್ಮದು, ಋಣ ನಮ್ಮದು, ರಕ್ತ ಮಾತ್ರ ಬೇರೆ. ಅವನ ಮರಿಮಗ ಈ ಟೋಕ್ತಾರ್. ಇವನೂ ನೂರಿಲಾನೂ ಒಬ್ಬರನ್ನೊಬ್ಬರು ಮೆಚ್ಚಿದಾರೆ. ಬಾಯಿಬಿಡೋಕೆ ಹೆದರಿ ಒಣಗ್ತಿದಾರೆ. ಸತ್ಯ ಗೊತ್ತಿದ್ದೂ ನಾನು ಸುಮ್ಮನೆ ಕೂತ್ರೆ ನರಕದಲ್ಲೂ ಜಾಗ ಸಿಗಲ್ಲ ನನಗೆ."

ಅಜ್ಜಿ ಹೇಳಿದ ಮೇಲೆ ಮುಗಿಯಿತು. ಒಂದು ಹೆಸರು ಹಿಂದೆ ಮುಂದೆ ಮಾಡದವಳ ಮಾತನ್ನು ಅನುಮಾನಿಸುವವರು ಆ ಡೇರೆಯಲ್ಲಿ ಯಾರೂ ಇರಲಿಲ್ಲ. ಅದು ಅಪ್ಪಟ ಸುಳ್ಳೆಂದು ಗೊತ್ತಿದ್ದವರು ನಾಲ್ಕೇ ಜನ, ಅವರಲ್ಲಿ ಒಬ್ಬ ಸರ್ಕಾರ. ಟೋಕ್ತಾರ್ ಎಂಬ ಹೆಸರು ಉಳಿಯಿತು, ಫಾಂಗ್ ಕೊಟ್ಟ ತಾತಂದಿರೂ ಉಳಿದರು, ಸುದ್ದಿ ಬೇಲಿ ದಾಟಿದರೂ ಅನುಮಾನಕ್ಕೆ ಎಡೆಯಿಲ್ಲ. ಮೆಂಡಿಬಾಯ್ ಇದನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕುತ್ತಿರುವುದು ಅವನ ಮೀಸೆಯಲ್ಲೇ ಕಾಣುತ್ತಿತ್ತು.

ಓರಾಕ್ಬಾಯ್ ಮುನಿಸಿಕೊಳ್ಳಬೇಕಾಗಿತ್ತು. ಅಜ್ಜಿ ಅಷ್ಟರಲ್ಲಿ ಹೊಸ ನಿಲುವಂಗಿಯೊಂದನ್ನು ಅವನ ಹೆಗಲಿಗೆ ಹೊದಿಸಿ, ಬೆಂದ ಕುರಿತಲೆಯನ್ನು ಅವನ ಮುಂದಿಟ್ಟಿದ್ದಳು. ಅವನು ತಲೆಯನ್ನು ನೋಡಿದ, ನಿಲುವಂಗಿಯನ್ನು ಸವರಿದ.

"ಋಣ ಇಲ್ಲ ಅಂದ್ರೆ ಇಲ್ಲ, ಅಜ್ಜಿ. ನಮ್ಮ ಹುಡುಗನಿಗೆ ಲಾರಿ ಓಡಿಸೋ ಹೆಣ್ಣು ಅಂದ್ರೆ ಭಯಾನೇ ಇತ್ತು. ಆದ್ರೆ ಈ ಹುಡುಗನ ಕಡೆಯಿಂದ ಈಲಿ ತಿನ್ನೋರು ಯಾರು? ಅವನಿಗೆ ಈಚೆ ಕಡೆ ಹಿಂದು ಮುಂದು ಯಾರೂ ಇಲ್ವಲ್ಲ."

"ಯಾಕಿಲ್ಲ?" ಎಂದಳು ಅಜ್ಜಿ. "ಮೆಂಡಿಬಾಯ್, ಮುಂದೆ ಬಾರಪ್ಪ. ಮೊನ್ನೆ ಕುರಿದೊಡ್ಡೀಲಿ ಇವನನ್ನ ತಬ್ಬಿಕೊಂಡು ಇನ್ಮುಂದೆ ನೀನು ನಮ್ಮವನು ಅಂದ್ಯಂತೆ. ಅಂದಮೇಲೆ ಬೀಗ ನೀನೇ."

ಮೆಂಡಿಬಾಯ್ ನೂರಿಲಾಳ ಕಡೆ ಕೆಂಗಣ್ಣು ಬಿಟ್ಟ. "ಉಸಿರೆತ್ತಬೇಡ ಅಂದಿದ್ದೆ."

"ದೇಶಕ್ಕೆ ಹೇಳಿಲ್ಲ ಅಣ್ಣ" ಎಂದಳು ಅವಳು ಮೆಲ್ಲಗೆ. "ಅಜ್ಜಿಗೆ ಹೇಳಿದೆ ಅಷ್ಟೇ."

ಇಷ್ಟು ಜನರ ಮುಂದೆ ಅವನಾದರೂ ಏನು ಮಾಡಿಯಾನು? ಅಲ್ಲವೆಂದರೆ ಗುಟ್ಟು ಹೊರಬೀಳುತ್ತದೆ, ಹೌದೆಂದರೆ ಪೀಕಿಂಗಿನ ಗೂಢಚಾರನಿಗೆ ಬಂಧುವಾಗಬೇಕು. ಬಾಯಿ ತೆರೆದ. ಅಜ್ಜಿ ಹಿಡಿಯಷ್ಟು ಈಲಿ ಮತ್ತು ಕೊಬ್ಬನ್ನು ಒಳಕ್ಕೆ ತುರುಕಿ, ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಪದ್ಧತಿಯಂತೆ ಹೆಂಗಸರೆಲ್ಲ ಸೇರಿ ಬೀಗನ ಮುಖಕ್ಕೆ, ಮೀಸೆಗೆ, ಹೆಗಲ ಮೇಲಿನ ನಕ್ಷತ್ರಗಳಿಗೆ ಮೆತ್ತಿದರು. ಓರಾಕ್ಬಾಯ್ ನಕ್ಕು ಉಸಿರುಗಟ್ಟಿ, ಯಾರೋ ಅವನ ಬೆನ್ನಿಗೆ ಗುದ್ದಬೇಕಾಯಿತು. ದೊಂಬ್ರಾದ ತಂತಿ ಮೀಟಿದರು. ನೂರಿಲಾ ಟೋಕ್ತಾರನ ಕೈಯಿಂದ ಖಾಲಿ ತಟ್ಟೆ ತೆಗೆದುಕೊಂಡಳು. ಆವತ್ತು ಅವಳು ಅವನನ್ನು ಅಣ್ಣ ಎನ್ನಲಿಲ್ಲ, ಮುಂದೆ ಯಾವತ್ತೂ ಎನ್ನಲಿಲ್ಲ.

ಊಟವೆಲ್ಲ ಮುಗಿದು ಗಂಡಸರು ಕುದುರೆ ಓಡಿಸಲು ಹೋದ ಮೇಲೆ ಅಜ್ಜಿ ಟೋಕ್ತಾರನನ್ನು ತೊರೆಯ ಹತ್ತಿರ ಕರೆದಳು. ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಅವನು ಅವಳ ಕಾಲ ಬಳಿ ಕೂತ.

"ಎರಡು ವರ್ಷ ನನ್ನ ಕೈಯಲ್ಲಿ ತಿಂದು ನನಗೇ ಸುಳ್ಳು ಹೇಳ್ದೆ. ಹೊಟ್ಟೆ ಉರಿದುಹೋಯ್ತು ಕಣೋ. ನಮ್ಮ ನರಿಟೋಪಿ ಮಾವನ ಕುಡಿ ಉಳೀತು ಅಂತ ಎಷ್ಟು ಸಂತೋಷ ಪಟ್ಟಿದ್ದೆ."

"ತಪ್ಪಾಯ್ತು ಅಜ್ಜಿ. ನಿಮ್ಮ ಬಾಯಲ್ಲೂ ಸುಳ್ಳು ಹೇಳಿಸಿಬಿಟ್ಟೆ."

"ನೀನೇನು ಹೇಳಿಸಿದ್ದು? ಅಷ್ಟು ದೊಡ್ಡ ದೊಡ್ಡ ದೇಶಗಳು ಕೂತು ಏಳೇಳು ತಾತಂದಿರ ಕಥೆ ಕಟ್ಟಬಹುದು, ನಾನು ಒಂದು ಕೂಸಿನ ಕಥೆ ಕಟ್ಟಬಾರದಾ? ಮಾವನಿಗೆ ನಾನೇ ಉತ್ತರ ಹೇಳ್ಕೋತೀನಿ, ಇನ್ನೇನು ಹೋಗೋ ಕಾಲ ಬಂತು." ಅವಳು ಕಣ್ಣೊರೆಸಿಕೊಂಡಳು. "ಈಗ ನಿನ್ನ ನಿಜವಾದ ತಾತಂದಿರನ್ನ ಹೇಳು. ಅಲ್ಲಿ ನಮ್ಮ ಹೆಸರು ಒಂದಾದ್ರೂ ಕೂಡಿದ್ರೆ ಮದುವೆ ಈಗಲೇ ನಿಲ್ಲಿಸ್ತೀನಿ, ತಿಳ್ಕೋ."

ಟೋಕ್ತಾರ್ ಬಾಯಿ ತೆರೆದ, ಹೆಸರು ಹೊರಡಲಿಲ್ಲ. ಗುಲ್ಜಾ ಬಿಟ್ಟ ಮೇಲೆ ಆ ಹೆಸರುಗಳನ್ನು ಅವನು ಮನಸ್ಸಿನಲ್ಲಿ ಕೂಡ ಅಂದುಕೊಂಡಿರಲಿಲ್ಲ. ನಿದ್ದೆಯಲ್ಲಿ ಬಾಯಿ ತಪ್ಪೀತೆಂದು ಹೆದರಿ ಬದುಕಿದ್ದ.

"ನಾನು ಎರ್ಗಾಜಿ" ಎಂದ ಕೊನೆಗೆ. "ಕಿಜಾಯ್ ಕುಲ. ನಮ್ಮಪ್ಪ ಮುಸಿಲಿಮ್." ಅಪ್ಪನ ಹೆಸರು ಬಂದೊಡನೆ ಅವನಿಗೆ ಅಳು ಬಂತು, ಅಳುತ್ತಲೇ ಹೇಳಿದ. "ಅವರಪ್ಪ ಬೈಟಿಕ್. ಅವರಪ್ಪ ಜಾನ್‌ಬೋಟಾ. ತಾಸ್‌ಬೊಲಾತ್. ಕೆಂಗೆಬಾಯ್. ಇಟೆಮ್ಗೆನ್. ಬೇಗಿಮ್."

ಅಜ್ಜಿ ಕಣ್ಣು ಮುಚ್ಚಿ ಒಂದೊಂದನ್ನೂ ತೂಗಿ ನೋಡಿದಳು.

"ಎಲ್ಲೂ ಕೂಡಲ್ಲ" ಎಂದಳು. ಆಮೇಲೆ ತಾನೇ ಆ ಹೆಸರುಗಳನ್ನು ಹೇಳತೊಡಗಿದಳು. ಮುಸಿಲಿಮ್, ಬೈಟಿಕ್, ಜಾನ್‌ಬೋಟಾ. ಅವರು ಯಾರೂ ಅವಳ ಮಾವಂದಿರಲ್ಲ, ಅಡ್ಡಹೆಸರಿನ ಹಂಗಿರಲಿಲ್ಲ. ಐವತ್ತು ವರ್ಷಕ್ಕೂ ಮೇಲೆ ಗಂಡಸರ ಹೆಸರನ್ನು ನಾಲಿಗೆಯ ಕೆಳಗೆ ಅದುಮಿಟ್ಟುಕೊಂಡಿದ್ದವಳು ಬಾಯಿ ತುಂಬ, ದೊಡ್ಡ ದನಿಯಲ್ಲಿ, ರುಚಿ ನೋಡುತ್ತಾ ಹೇಳಿದಳು. ಇಟೆಮ್ಗೆನ್, ಅಂದರೆ ನಾಯಿಯ ಮೊಲೆ ಕುಡಿದವನು, ಬಂದಾಗ ನಕ್ಕೂಬಿಟ್ಟಳು.

"ಯಾಕಜ್ಜಿ, ಬಾಯಿಪಾಠ ಮಾಡ್ತಿದೀರಾ?"

"ಮತ್ತೇನು? ನೀನು ಬಾಯಿಬಿಡೋ ಹಾಗಿಲ್ಲ, ಸರ್ಕಾರ ಬಿಡಲ್ಲ. ನೂರಿಲಾ ಹೇಳೋ ಹಾಗಿಲ್ಲ, ಸೊಸೆಯಾದ್ಲು. ನಾಳೆ ನಿಮಗೆ ಹುಟ್ಟೋ ಮಗು ನನ್ನ ಮಡಿಲಲ್ಲಿ ಕೂತು, ಅಜ್ಜಿ ನಾನು ಯಾರ ಕುಲ ಅಂದ್ರೆ, ಆ ಫಾಂಗ್ ಕೊಟ್ಟ ಹೆಸರು ಹೇಳ್ಲಾ? ಕಿವೀಲಿ ನಿಜವಾದ್ದನ್ನ ಹೇಳೋಕೆ ಒಬ್ಬರಾದ್ರೂ ಬೇಡ್ವಾ? ಅಳ್ಬೇಡ, ಮೊದಲಿಂದ ಹೇಳು. ಬೈಟಿಕ್ ಆದಮೇಲೆ ಯಾರು ಅಂದೆ?"

ಎರ್ಗಾಜಿ ಮೂಗೊರೆಸಿಕೊಂಡು ಮೊದಲಿನಿಂದ ಹೇಳಿದ.